ಕತ್ತಲಲ್ಲಿ ಕಂಡ ಬಿಳಿ ಚುಕ್ಕೆಯೆಲ್ಲ ಹಂದಿಯಲ್ಲ: ನೈಟ್ ವಿಷನ್ ದುರ್ಬೀನು ನಿಜಕ್ಕೂ ತೋರಿಸುವುದೇನು?

ಇಂಥದ್ದೊಂದು ವಿಡಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬೂದು ಬಣ್ಣದ ಹೊಲ, ಅದರಲ್ಲಿ ಓಡಾಡುವ ಹತ್ತಿಪ್ಪತ್ತು ಬೆಳ್ಳನೆಯ ಆಕೃತಿಗಳು, ನಡುವೆ ಒಂದು ಪ್ಲಸ್ ಗುರುತು. ಢಂ ಎಂಬ ಸದ್ದು. ಒಂದು ಆಕೃತಿ ಉರುಳುತ್ತದೆ, ಉಳಿದವು ದಿಕ್ಕಾಪಾಲಾಗಿ ಓಡುತ್ತವೆ. ಕೆಳಗಿನ ಬರಹ ಹೆಚ್ಚುಕಡಿಮೆ ಹೀಗಿರುತ್ತದೆ: ಈ ದುರ್ಬೀನು ಇದ್ದರೆ ರಾತ್ರಿಯೂ ಹಗಲಿದ್ದಂತೆ, ಕಾಡುಹಂದಿ ಕಾಟಕ್ಕೆ ಇದೇ ಮದ್ದು, ಎಲ್ಲ ರೈತರಿಗೂ ಶೇರ್ ಮಾಡಿ.

ವಿಡಿಯೋ ಬಹುಮಟ್ಟಿಗೆ ನಿಜವೇ. ಇಂಥ ಉಪಕರಣಗಳಿವೆ, ಕೆಲವು ದೇಶಗಳಲ್ಲಿ ಅವುಗಳನ್ನು ರೈಫಲ್‌ಗೆ ಕಟ್ಟಿ ರಾತ್ರಿ ಬೇಟೆಯಾಡುವುದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಆದರೆ 'ರಾತ್ರಿಯೂ ಹಗಲಿದ್ದಂತೆ' ಎಂಬ ಮಾತು ಸುಳ್ಳು, ಮತ್ತು ಜೀವ ತೆಗೆಯಬಲ್ಲ ಸುಳ್ಳು. ಈ ಉಪಕರಣ ಕತ್ತಲಲ್ಲಿ 'ಏನೋ ಇದೆ' ಎಂದು ಬಹಳ ಚೆನ್ನಾಗಿ ಹೇಳುತ್ತದೆ. 'ಅದು ಏನು' ಎಂದು ಹೇಳುವುದರಲ್ಲಿ ಅಷ್ಟು ಚುರುಕಲ್ಲ. ಆ ಎರಡರ ನಡುವಿನ ಅಂತರದಲ್ಲೇ ಅಪಘಾತಗಳು ಆಗುವುದು. ಅದನ್ನು ಇಲ್ಲಿ ಬಿಡಿಸಿ ನೋಡೋಣ.

ಈ ವಿಡಿಯೋಗಳು ಬರುವುದು ಎಲ್ಲಿಂದ?

ಇಂಥ ವಿಡಿಯೋಗಳಲ್ಲಿ ಬಹಳಷ್ಟು ಅಮೆರಿಕದವು, ಅದರಲ್ಲೂ ಟೆಕ್ಸಾಸ್ ರಾಜ್ಯದವು. ಅಲ್ಲಿನ ಹಂದಿಗಳು ಮೂಲತಃ ಆ ನೆಲದ ಪ್ರಾಣಿಗಳಲ್ಲ. 16ನೇ ಶತಮಾನದಲ್ಲಿ ಸ್ಪೇನಿನವರು ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿದವು. 20ನೇ ಶತಮಾನದಲ್ಲಿ ಶಿಕಾರಿಯ ಶೋಕಿಗೆಂದು ತಂದು ಬಿಟ್ಟ ಯೂರೋಪಿನ ಕಾಡುಹಂದಿಗಳು ಅವುಗಳ ಜೊತೆ ಬೆರೆತವು. ಇಂದು ಅಮೆರಿಕದಲ್ಲಿ 60 ಲಕ್ಷಕ್ಕೂ ಹೆಚ್ಚು ಇಂಥ ಹಂದಿಗಳಿವೆ ಎಂದು ಅಲ್ಲಿನ ಕೃಷಿ ಇಲಾಖೆ ಅಂದಾಜಿಸಿದೆ. ಜೋಳ, ಕಡಲೆಕಾಯಿ, ಹುಲ್ಲುಗಾವಲು ಯಾವುದನ್ನೂ ಅವು ಬಿಡುವುದಿಲ್ಲ.

ಹಾಗಾಗಿ ಅಲ್ಲಿನ ಕಾನೂನು ಸಡಿಲವಾಗಿದೆ. ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಈ ಹಂದಿಗಳನ್ನು ರಾತ್ರಿಯೂ ಹೊಡೆಯಬಹುದು. 2019ರ ಸೆಪ್ಟೆಂಬರ್‌ನಿಂದ ಅದಕ್ಕೆ ಬೇಟೆ ಪರವಾನಗಿಯೂ ಬೇಕಿಲ್ಲ. ಹಗಲು ಗುಂಡಿನ ಸದ್ದು ಕೇಳಿ ಹುಷಾರಾದ ಹಂದಿಗಳು ರಾತ್ರಿಯೇ ಹೆಚ್ಚು ಓಡಾಡುವುದರಿಂದ ಬೇಟೆಗಾರರೂ ರಾತ್ರಿಗೆ ಹೊರಳಿದರು. ಬ್ರಿಟನ್ನಿನಲ್ಲಿ ಕುರಿಮರಿ ಹಿಡಿಯುವ ನರಿಗಳನ್ನು ಹೊಡೆಯಲು ಇದೇ ಉಪಕರಣ ಬಳಸುತ್ತಾರೆ. ಆದರೆ ಎಲ್ಲ ಪ್ರಾಣಿಗಳಿಗೂ ಆ ಒಪ್ಪಿಗೆ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿಶೇಷ ಅನುಮತಿ ಇಲ್ಲದೆ ರಾತ್ರಿ ಜಿಂಕೆ ಹೊಡೆಯುವುದನ್ನು 1991ರ ಜಿಂಕೆ ಕಾಯ್ದೆ ತಡೆಯುತ್ತದೆ.

ಅಂದರೆ ಆ ವಿಡಿಯೋದ ಹಿಂದೆ ಒಂದು ನಿರ್ದಿಷ್ಟ ಊರು, ಒಂದು ನಿರ್ದಿಷ್ಟ ಕಾನೂನು, ಮೈಲುಗಟ್ಟಲೆ ಬಯಲಾಗಿರುವ ಜಮೀನು ಇರುತ್ತವೆ. ಫಾರ್ವರ್ಡ್ ಆಗುವಾಗ ಅವೆಲ್ಲ ಉದುರಿಹೋಗಿ ದುರ್ಬೀನು ಮಾತ್ರ ಉಳಿಯುತ್ತದೆ.

ಕತ್ತಲಲ್ಲಿ ಕಾಣಿಸುವುದು ಹೇಗೆ?

'ನೈಟ್ ವಿಷನ್' ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವುದು ಮೂರು ಬೇರೆ ಬೇರೆ ತಂತ್ರ. ಮೂರರ ಬಲವೂ ಬೇರೆ, ಕುರುಡುತನವೂ ಬೇರೆ.

ಮೊದಲನೆಯದು, ಇರುವ ಬೆಳಕನ್ನೇ ಹಿಗ್ಗಿಸುವ ಉಪಕರಣ. ಸಿನಿಮಾಗಳಲ್ಲಿ ಸೈನಿಕರು ಹೆಲ್ಮೆಟ್‌ಗೆ ಸಿಕ್ಕಿಸಿಕೊಳ್ಳುವ, ಹಸಿರು ಚಿತ್ರ ತೋರಿಸುವ ಸಾಧನ ಇದೇ. ನಕ್ಷತ್ರ ಅಥವಾ ಚಂದ್ರನ ಮಂದ ಬೆಳಕು ಒಳಗಿನ ಒಂದು ಪದರಕ್ಕೆ ಬಿದ್ದು ಎಲೆಕ್ಟ್ರಾನ್‌ಗಳಾಗುತ್ತದೆ. ಲಕ್ಷಾಂತರ ಸೂಕ್ಷ್ಮ ರಂಧ್ರಗಳಿರುವ ಒಂದು ತಟ್ಟೆಯ ಮೂಲಕ ಹಾಯುವಾಗ ಆ ಎಲೆಕ್ಟ್ರಾನ್‌ಗಳು ಸಾವಿರಾರು ಪಟ್ಟು ಹೆಚ್ಚಾಗಿ, ಕೊನೆಗೆ ಹೊಳೆಯುವ ಪರದೆಗೆ ಬಡಿದು ಚಿತ್ರವಾಗುತ್ತವೆ. ಬೆಳಕು ಚೂರೂ ಇಲ್ಲದ ಗುಹೆಯೊಳಗೆ ಇದಕ್ಕೆ ಏನೂ ಕಾಣುವುದಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ತಾನೆ?

ಎರಡನೆಯದು, ಡಿಜಿಟಲ್ ನೈಟ್ ವಿಷನ್. ನಿಮ್ಮ ಬೀದಿಯ ಸಿಸಿ ಕ್ಯಾಮರಾ ರಾತ್ರಿ ಮಾಡುವುದೂ ಇದನ್ನೇ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಟಾರ್ಚ್ ಒಂದನ್ನು ಉರಿಸಿ, ಅದು ತಾಗಿ ವಾಪಸ್ ಬಂದ ಬೆಳಕನ್ನು ಸೆನ್ಸರ್ ಹಿಡಿಯುತ್ತದೆ. ಚಿತ್ರ ಕಪ್ಪುಬಿಳುಪು. ಟಾರ್ಚ್ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಮಾತ್ರ ದೃಷ್ಟಿ. ಮಂಜು, ಮಳೆಹನಿ ಅಥವಾ ಹತ್ತಿರದ ಒಂದು ರೆಂಬೆ ಅಡ್ಡ ಬಂದರೂ ಬೆಳಕು ಅಲ್ಲೇ ಚದುರಿ ಮುಂದಿನದೆಲ್ಲ ಮಸುಕಾಗುತ್ತದೆ.

ಮೂರನೆಯದು ಥರ್ಮಲ್. ಬಿಳಿ ಹಂದಿಗಳ ವಿಡಿಯೋ ಇದರದ್ದು. ಇದಕ್ಕೆ ಬೆಳಕೇ ಬೇಡ. ಪ್ರತಿ ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಅವಕೆಂಪು ಕಿರಣ ಸೂಸುತ್ತದೆ. ಆ ಬಿಸಿಯ ವ್ಯತ್ಯಾಸವನ್ನೇ ಇದು ಚಿತ್ರವಾಗಿಸುತ್ತದೆ. ಕೋವಿಡ್ ಕಾಲದಲ್ಲಿ ವಿಮಾನ ನಿಲ್ದಾಣಗಳಲ್ಲಿ ಜ್ವರ ಪತ್ತೆಗೆ ಇಟ್ಟಿದ್ದ ಕ್ಯಾಮರಾಗಳನ್ನು ನೆನಪಿಸಿಕೊಳ್ಳಿ. ಮಾಮೂಲಿ ಗಾಜಿನ ಮೂಲಕ ಈ ಕಿರಣ ಹಾಯುವುದಿಲ್ಲ. ಅದಕ್ಕೇ ಥರ್ಮಲ್ ದುರ್ಬೀನಿನ ಮಸೂರವನ್ನು ಜರ್ಮೇನಿಯಂ ಎಂಬ ದುಬಾರಿ ವಸ್ತುವಿನಿಂದ ಮಾಡುತ್ತಾರೆ.

'ಕಂಡಿತು' ಬೇರೆ, 'ಗುರುತು ಸಿಕ್ಕಿತು' ಬೇರೆ

ಥರ್ಮಲ್ ದುರ್ಬೀನಿನ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ದೂರ ಬರೆದಿರುತ್ತದೆ: 1,000 ಮೀಟರ್, 1,800 ಮೀಟರ್, ಹೀಗೆ. ಅಷ್ಟು ದೂರದ ಪ್ರಾಣಿಯನ್ನು ಸ್ಪಷ್ಟವಾಗಿ ನೋಡಬಹುದು ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಆ ಸಂಖ್ಯೆಯ ಅರ್ಥ ಅದಲ್ಲ.

1958ರಲ್ಲಿ ಅಮೆರಿಕದ ಸೇನೆಯ ಸಂಶೋಧಕ ಜಾನ್ ಜಾನ್ಸನ್ ಇದಕ್ಕೊಂದು ಅಳತೆ ಮಾಡಿದರು. ಕತ್ತಲ ಚಿತ್ರದಲ್ಲಿ ಒಂದು ವಸ್ತುವನ್ನು ನೋಡುವುದಕ್ಕೆ ಮೆಟ್ಟಿಲುಗಳಿವೆ ಎಂದರು. ಏನೋ ಇದೆ ಎಂದು ಗೊತ್ತಾಗುವುದು ಮೊದಲ ಮೆಟ್ಟಿಲು. ಅದು ಯಾವ ಬಗೆಯದು, ಮನುಷ್ಯನೋ ಪ್ರಾಣಿಯೋ ವಾಹನವೋ ಎಂದು ಗೊತ್ತಾಗುವುದು ಮುಂದಿನದು. ಇಂಥದ್ದೇ ಎಂದು ಖಚಿತವಾಗುವುದು ಕೊನೆಯದು. ಈಗಿನ ಡಿಜಿಟಲ್ ಪರದೆಯ ಭಾಷೆಯಲ್ಲಿ ಹೇಳುವುದಾದರೆ, ಮೊದಲ ಮೆಟ್ಟಿಲಿಗೆ ವಸ್ತುವಿನ ಮೇಲೆ ಸುಮಾರು 2 ಪಿಕ್ಸೆಲ್ ಬಿದ್ದರೆ ಸಾಕು. ಎರಡನೆಯದಕ್ಕೆ ಸುಮಾರು 8 ಬೇಕು. ಕೊನೆಯದಕ್ಕೆ ಸುಮಾರು 13 ಬೇಕು. ಅಷ್ಟಿದ್ದರೂ ಸರಿಯಾಗಿ ಹೇಳುವ ಸಾಧ್ಯತೆ ಶೇ. 50 ಮಾತ್ರ!

ಒಂದು ಲೆಕ್ಕ ಹಾಕೋಣ. 35 ಮಿಲಿಮೀಟರ್ ಮಸೂರ, 12 ಮೈಕ್ರಾನ್ ಪಿಕ್ಸೆಲ್ ಇರುವ ಥರ್ಮಲ್ ದುರ್ಬೀನುಗಳು ಮಾರುಕಟ್ಟೆಯಲ್ಲಿ ಸಾಮಾನ್ಯ. ಅದರಲ್ಲಿ 100 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ ಸುಮಾರು 3.4 ಸೆಂಟಿಮೀಟರ್ ಜಾಗವನ್ನು ತುಂಬುತ್ತದೆ. 75 ಸೆಂಟಿಮೀಟರ್ ಎತ್ತರದ ಹಂದಿಯೊಂದು ನಿಂತಿದೆ ಎಂದುಕೊಳ್ಳಿ.

- 1,000 ಮೀಟರ್‌ನಲ್ಲಿ ಅದು ಪರದೆಯ ಮೇಲೆ 2 ಪಿಕ್ಸೆಲ್ ಎತ್ತರ. ಏನೋ ಇದೆ, ಅಷ್ಟೆ.
- 500 ಮೀಟರ್‌ನಲ್ಲಿ 4 ಪಿಕ್ಸೆಲ್. ಚಲಿಸುವ ಬಿಳಿ ಚುಕ್ಕೆ.
- ಸುಮಾರು 270 ಮೀಟರ್‌ನಲ್ಲಿ 8 ಪಿಕ್ಸೆಲ್. ನಾಲ್ಕು ಕಾಲಿನದು ಇರಬಹುದು ಎಂಬ ಅಂದಾಜು.
- ಸುಮಾರು 170 ಮೀಟರ್‌ನಲ್ಲಿ 13 ಪಿಕ್ಸೆಲ್. ಇಲ್ಲಿಯೂ ನಾಣ್ಯ ಚಿಮ್ಮಿದಷ್ಟೇ ಖಾತರಿ.

ಅಂದರೆ 'ಒಂದು ಕಿಲೋಮೀಟರ್ ದೂರ ಕಾಣುತ್ತದೆ' ಎಂಬ ದುರ್ಬೀನಿನಲ್ಲಿ ಗುರುತು ಹಿಡಿಯುವ ದೂರ ಅದರ ಸುಮಾರು ಆರನೇ ಒಂದು ಭಾಗ ಮಾತ್ರ. ಡಿಜಿಟಲ್ ಝೂಮ್ ಮಾಡಿದರೆ? ವಾಟ್ಸಾಪ್‌ನಲ್ಲಿ ಬಂದ ಮಸುಕು ಫೋಟೋವನ್ನು ಬೆರಳಿನಿಂದ ಎಳೆದು ದೊಡ್ಡದು ಮಾಡಿದಂತೆ. ಚೌಕಗಳು ದೊಡ್ಡದಾಗುತ್ತವೆ, ಮುಖ ಸ್ಪಷ್ಟವಾಗುವುದಿಲ್ಲ.

ಇದರ ಪಕ್ಕದಲ್ಲಿ ಗುಂಡಿನ ಲೆಕ್ಕ ಇಟ್ಟು ನೋಡಿ. ಗುರಿ ಅಭ್ಯಾಸಕ್ಕೆ ಬಳಸುವ ಪುಟ್ಟ .22 ಗುಂಡೂ ಒಂದೂವರೆ ಮೈಲು, ಅಂದರೆ ಸುಮಾರು 2.4 ಕಿಲೋಮೀಟರ್ ಹೋಗಬಲ್ಲದು. ದೊಡ್ಡ ಪ್ರಾಣಿಗಳಿಗೆ ಬಳಸುವ ರೈಫಲ್‌ಗಳ ಗುಂಡು 4 ಕಿಲೋಮೀಟರಿಗೂ ಆಚೆ ಹೋಗಬಹುದು. ಕಣ್ಣು 170 ಮೀಟರ್‌ನಲ್ಲೇ ಅನುಮಾನ ಪಡುತ್ತಿರುವಾಗ ಗುಂಡು ಪಕ್ಕದ ಊರನ್ನು ದಾಟಿರುತ್ತದೆ.

ಪರದೆಯಲ್ಲಿ ಕಾಣದೇ ಹೋಗುವುದು

ಥರ್ಮಲ್ ಚಿತ್ರ ನೋಡಿದವರಿಗೆ ಒಂದು ಭರವಸೆ ಹುಟ್ಟುತ್ತದೆ: ಬಿಸಿ ಇರುವುದೆಲ್ಲ ಬಿಳಿಯಾಗಿ ಕಾಣುತ್ತಿದೆ, ಹಾಗಾದರೆ ಮನುಷ್ಯರಿದ್ದರೆ ಕಂಡೇ ಕಾಣುತ್ತಾರೆ ಎಂದು. ಈ ಭರವಸೆ ಅಪಾಯಕಾರಿ.

ಎತ್ತರದ ಹುಲ್ಲು, ಪೊದೆ, ಕಬ್ಬಿನ ಗದ್ದೆ ಇವುಗಳ ಹಿಂದಿರುವವರು ಕಾಣುವುದಿಲ್ಲ. ಎಲೆಯ ಸಂದಿಯಲ್ಲಿ ಒಂದೆರಡು ಬಿಳಿ ತುಣುಕು ಕಂಡರೆ ಅದು ಮನುಷ್ಯನ ಕೈಯೋ ಪ್ರಾಣಿಯ ಬೆನ್ನೋ ತಿಳಿಯುವುದಿಲ್ಲ. ದಪ್ಪ ಜಾಕೆಟ್, ಕಂಬಳಿ ಅಥವಾ ಒದ್ದೆ ಮಳೆಯಂಗಿ ತೊಟ್ಟವರ ಮುಖ ಮತ್ತು ಕೈ ಮಾತ್ರ ಬೆಳ್ಳಗೆ ಕಂಡು, ಉಳಿದ ಮೈ ಹಿನ್ನೆಲೆಯಲ್ಲಿ ಕರಗಬಹುದು. ಕಾರಿನ ಗಾಜಿನ ಹಿಂದೆ ಕುಳಿತವರು ಕಾಣುವುದೇ ಇಲ್ಲ. ಬಗ್ಗಿ ಕೂತ ಮನುಷ್ಯನ ಆಕೃತಿ ದೂರದಿಂದ ನಾಲ್ಕು ಕಾಲಿನ ಪ್ರಾಣಿಯಂತೆಯೇ ಇರುತ್ತದೆ. ಕರು, ನಾಯಿ, ಹಂದಿ, ಜಿಂಕೆ ಎಲ್ಲವೂ ಬಿಳಿಯೇ. ಚರ್ಮದ ಬಣ್ಣ, ಬಟ್ಟೆಯ ಬಣ್ಣ ಯಾವುದೂ ಅಲ್ಲಿಲ್ಲ.

ಇನ್ನೊಂದು ಕೊರತೆ ಆಳದ್ದು. ಎರಡು ಕಣ್ಣು ಸೇರಿ ನೋಡುವಾಗ ಯಾವುದು ಹತ್ತಿರ, ಯಾವುದು ದೂರ ಎಂದು ನಮಗೆ ತಾನಾಗಿಯೇ ತಿಳಿಯುತ್ತದೆ. ಒಂದು ಕಣ್ಣಿನಿಂದ ನೋಡುವ ಚಪ್ಪಟೆ ಪರದೆಯಲ್ಲಿ ಅದು ಹೋಗುತ್ತದೆ. ಹತ್ತಿರದ ಮೊಲವೂ ದೂರದ ಹಂದಿಯೂ ಒಂದೇ ಗಾತ್ರದಲ್ಲಿ ಕಾಣಬಹುದು. ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬವಿದೆಯೋ ಖಾಲಿ ಬಯಲಿದೆಯೋ ಥರ್ಮಲ್‌ನಲ್ಲಿ ಹೇಳುವುದು ಕಷ್ಟ. ಸುತ್ತಲಿನಷ್ಟೇ ತಣ್ಣಗಿರುವ ತಂತಿಬೇಲಿ, ಒಣಕೊಂಬೆ, ಕಲ್ಲು ಎಲ್ಲವೂ ಹಿನ್ನೆಲೆಯಲ್ಲಿ ಸೇರಿಹೋಗುತ್ತವೆ. ಗುಂಡು ಅವುಗಳಿಗೆ ತಾಗಿ ದಿಕ್ಕು ಬದಲಿಸಬಹುದು.

ಮತ್ತೊಂದು ಸಮಸ್ಯೆ ನೋಡುವವರ ಕಣ್ಣಿನದೇ. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಹೊಳೆಯುವ ಪರದೆಗೆ ಕಣ್ಣಿಟ್ಟು ತೆಗೆದರೆ ಆ ಹೊಂದಾಣಿಕೆ ಅಳಿಸಿಹೋಗುತ್ತದೆ. ಆಮೇಲೆ ಆ ಕಣ್ಣಿಗೆ ಕಾಲಬುಡದ ಗುಂಡಿಯೂ ಪಕ್ಕದಲ್ಲಿ ನಿಂತ ಜೊತೆಗಾರನೂ ಕಾಣುವುದಿಲ್ಲ. ಬೆಳಕು ಹಿಗ್ಗಿಸುವ ದುರ್ಬೀನಿನ ನೋಟದ ಅಗಲವೂ ಸಾಮಾನ್ಯವಾಗಿ 40 ಡಿಗ್ರಿ ಮಾತ್ರ. ರೈಫಲ್ ಮೇಲಿನ ಸ್ಕೋಪ್‌ನದ್ದು ಇನ್ನೂ ಕಿರಿದು. ಬರಿಗಣ್ಣಿಗೆ ಪಕ್ಕದಲ್ಲಿ ಅಲುಗಾಡಿದ್ದೂ ತಿಳಿಯುತ್ತದೆ. ಕೊಳವೆಯೊಳಗಿಂದ ನೋಡುವವರಿಗೆ ಎದುರಿನದು ಮಾತ್ರ.

ಹಲ್ಲುಜ್ಜುತ್ತಿದ್ದ ಶಿಕ್ಷಕಿ

2010ರ ಅಕ್ಟೋಬರ್. ನ್ಯೂಜಿಲೆಂಡ್‌ನ ಉತ್ತರ ದ್ವೀಪದಲ್ಲಿರುವ ಕೈಮನಾವಾ ಅರಣ್ಯ ಉದ್ಯಾನದ ಒಂದು ಬಿಡಾರದಲ್ಲಿ 25 ವರ್ಷದ ಶಿಕ್ಷಕಿಯೊಬ್ಬರು ರಾತ್ರಿ ತಲೆಗೆ ಟಾರ್ಚ್ ಕಟ್ಟಿಕೊಂಡು ಹಲ್ಲುಜ್ಜುತ್ತಿದ್ದರು. ವಾಹನದಲ್ಲಿ ಬಂದಿದ್ದ ಬೇಟೆಗಾರರ ತಂಡವೊಂದು ಪ್ರಖರ ದೀಪ ಬೀರುತ್ತ ಜಿಂಕೆ ಹುಡುಕುತ್ತಿತ್ತು. ಕತ್ತಲಲ್ಲಿ ಹೊಳೆದ ಆ ತಲೆದೀಪ ಅವರಲ್ಲೊಬ್ಬನಿಗೆ ಜಿಂಕೆಯ ಕಣ್ಣಿನಂತೆ ಕಂಡಿತು. ಗುಂಡು ಹಾರಿಸಿದ. ಶಿಕ್ಷಕಿ ಸತ್ತರು. ಆತ ತಪ್ಪೊಪ್ಪಿಕೊಂಡ. ನ್ಯಾಯಾಲಯ ಎರಡೂವರೆ ವರ್ಷ ಜೈಲು ವಿಧಿಸಿತು.

ಆ ದೇಶದಲ್ಲಿ ಸಾರ್ವಜನಿಕ ಸಂರಕ್ಷಿತ ಭೂಮಿಯಲ್ಲಿ ರಾತ್ರಿ ಬೇಟೆಗೆ ನಿಷೇಧವಿದೆ. ಅಲ್ಲಿನ ಬಂದೂಕು ಸುರಕ್ಷತಾ ಸಂಹಿತೆಯ ಏಳು ನಿಯಮಗಳಲ್ಲಿ ಒಂದು, ಗುರಿ ಯಾವುದೆಂದು ಎಳ್ಳಷ್ಟೂ ಸಂಶಯವಿಲ್ಲದಂತೆ ಗುರುತಿಸಬೇಕು ಎಂಬುದು. ನಿಯಮ ಇತ್ತು, ಪಾಲನೆಯಾಗಲಿಲ್ಲ.

ನೈಟ್ ವಿಷನ್ ಇದ್ದಿದ್ದರೆ ಆಕೆ ಉಳಿಯುತ್ತಿದ್ದರು ಎಂದು ಯಾರಾದರೂ ಹೇಳಬಹುದು. ಆದರೆ ಬೆಳಕು ಹಿಗ್ಗಿಸುವ ದುರ್ಬೀನಿನಲ್ಲಿ ತಲೆದೀಪದ ಸುತ್ತ ದೊಡ್ಡ ಪ್ರಭೆ ಹರಡಿ, ಅದನ್ನು ಕಟ್ಟಿಕೊಂಡವರ ಮುಖವೇ ಮುಚ್ಚಿಹೋಗಬಹುದು. ಥರ್ಮಲ್‌ನಲ್ಲಿ ಪೊದೆಯ ನಡುವೆ ಒಂದು ಬಿಳಿ ತುಣುಕು ಕಾಣಬಹುದು. ಅಲ್ಲಿ ತಪ್ಪಿದ್ದು ದೀಪವಲ್ಲ. ಹೊಳಪು ಕಂಡ ಕೂಡಲೇ ಜಿಂಕೆ ಎಂದುಕೊಂಡ ಮನಸ್ಸು ತಪ್ಪಿತ್ತು.

ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ಕಂಡು ಬೆಚ್ಚಿಬೀಳುವ ಮಾತು ನಮಗೆಲ್ಲ ಗೊತ್ತು. ಮಸುಕು ಚಿತ್ರದಲ್ಲಿ ಉಳಿದ ಭಾಗವನ್ನು ಮಿದುಳೇ ತುಂಬಿಕೊಳ್ಳುತ್ತದೆ, ಅದೂ ನಾವು ನಿರೀಕ್ಷಿಸುತ್ತಿರುವುದರಿಂದಲೇ. ಹಾವಿಗೆ ಹೆದರಿದವರಿಗೆ ಹಾವು ಕಾಣುತ್ತದೆ. ಮೂರು ಗಂಟೆ ಚಳಿಯಲ್ಲಿ ಹಂದಿಗಾಗಿ ಕಾದವರಿಗೆ ಹಂದಿ ಕಾಣುತ್ತದೆ. ಹಗ್ಗವನ್ನು ಹಾವೆಂದುಕೊಂಡರೆ ಆಮೇಲೆ ನಗಬಹುದು. ಮನುಷ್ಯನನ್ನು ಹಂದಿ ಎಂದುಕೊಂಡರೆ?

ಜವಾಬ್ದಾರಿಯಿಂದ ಬಳಸುವವರು ಏನು ಮಾಡುತ್ತಾರೆ?

ರಾತ್ರಿ ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಅನುಭವಿಗಳು ಪಾಲಿಸುವ ಪದ್ಧತಿಗಳಿವೆ. ಹತ್ತು ಸೆಕೆಂಡಿನ ವಿಡಿಯೋದಲ್ಲಿ ಇವು ಕಾಣುವುದಿಲ್ಲ.

1. ಹಗಲೇ ಹೋಗಿ ನೆಲ ನೋಡುತ್ತಾರೆ. ಮನೆ, ರಸ್ತೆ, ಕಾಲುದಾರಿ, ದನದ ಕೊಟ್ಟಿಗೆ ಎಲ್ಲೆಲ್ಲಿವೆ, ಯಾವ ದಿಕ್ಕಿಗೆ ಗುಂಡು ಹಾರಿಸಲೇಬಾರದು ಎಂದು ಬೆಳಕಿನಲ್ಲೇ ತೀರ್ಮಾನಿಸಿಕೊಳ್ಳುತ್ತಾರೆ.

2. ನೆರೆಯವರಿಗೆ ಮೊದಲೇ ತಿಳಿಸುತ್ತಾರೆ. ಇಂಥ ರಾತ್ರಿ, ಇಂಥ ಜಾಗದಲ್ಲಿ ಇರುತ್ತೇವೆ ಎಂದು ಪೊಲೀಸರಿಗೆ ಹೇಳಿ ಹೋಗುವವರೂ ಇದ್ದಾರೆ.

3. ಹುಡುಕುವುದಕ್ಕೆ ರೈಫಲ್ ಮೇಲಿನ ಸ್ಕೋಪ್ ಬಳಸುವುದಿಲ್ಲ. ಇದು ಎಲ್ಲಕ್ಕಿಂತ ಮುಖ್ಯ. ಸ್ಕೋಪ್‌ನಿಂದ ಸುತ್ತ ನೋಡುವುದೆಂದರೆ ನೋಡಿದ ಪ್ರತಿಯೊಂದಕ್ಕೂ ಬಂದೂಕಿನ ನಳಿಕೆ ಹಿಡಿದಂತೆ. ಅದರಲ್ಲಿ ಮನುಷ್ಯರೂ ಇರಬಹುದು. ಹುಡುಕಲು ಕೈಯಲ್ಲಿ ಹಿಡಿಯುವ ಬೇರೆ ದುರ್ಬೀನು ಇರಬೇಕು.

4. ಎರಡು ಬಗೆಯ ಸಾಕ್ಷಿ ಕೇಳುತ್ತಾರೆ. ಥರ್ಮಲ್‌ನಿಂದ ಪತ್ತೆ, ಬಳಿಕ ನೈಟ್ ವಿಷನ್ ಅಥವಾ ಟಾರ್ಚ್ ಬೆಳಕಿನಲ್ಲಿ ಗುರುತು. ಹೊಳೆಯುವ ಕಣ್ಣು ಮಾತ್ರ ಕಂಡರೆ ಸಾಲದು. ತಲೆ, ಕಾಲು, ಬಾಲ, ನಡೆಯುವ ರೀತಿ, ಇಡೀ ಪ್ರಾಣಿ ಕಾಣಬೇಕು.

5. ಗುರಿಯ ಹಿಂದೆ ಏನಿದೆ ಎಂದು ನೋಡುತ್ತಾರೆ. ಗುಂಡನ್ನು ತಡೆಯುವ ಮಣ್ಣಿನ ದಿಬ್ಬ ಇಲ್ಲದಿದ್ದರೆ ಹಾರಿಸುವುದಿಲ್ಲ. ಬೆಟ್ಟದ ನೆತ್ತಿಯ ಮೇಲೆ, ಆಕಾಶಕ್ಕೆ ಎದುರಾಗಿ ನಿಂತ ಪ್ರಾಣಿಗೆ ಎಂದೂ ಗುರಿಯಿಡುವುದಿಲ್ಲ. ಎತ್ತರದ ಅಟ್ಟಣೆಯಿಂದ ಕೆಳಮುಖವಾಗಿ ಹಾರಿಸಿದರೆ ಗುಂಡು ನೆಲಕ್ಕೆ ಹೋಗುವ ಸಾಧ್ಯತೆ ಹೆಚ್ಚು.

6. ಜೊತೆಗಾರರ ಜಾಗ ಮೊದಲೇ ನಿಗದಿ ಮಾಡುತ್ತಾರೆ. ಯಾರೂ ಹೇಳದೆ ಎದ್ದು ಮುಂದೆ ಹೋಗುವಂತಿಲ್ಲ. ಬಿದ್ದ ಪ್ರಾಣಿಯನ್ನು ನೋಡಲು ಒಬ್ಬರು ಹೋಗುವಾಗ ಎಲ್ಲರ ರೈಫಲ್‌ನಿಂದಲೂ ಗುಂಡು ಹೊರಗೆ.

7. ಟ್ರಿಗರ್ ಮೇಲೆ ಬೆರಳು ಇಡುವುದು ಕೊನೆಯ ಕ್ಷಣದಲ್ಲಿ ಮಾತ್ರ. ಕುಡಿದು ಬಂದೂಕು ಮುಟ್ಟುವ ಮಾತೇ ಇಲ್ಲ.

8. ಸ್ಕೋಪ್ ಬಿಚ್ಚಿ ಮತ್ತೆ ಜೋಡಿಸಿದಾಗಲೆಲ್ಲ ಗುರಿ ಸರಿಯಿದೆಯೇ ಎಂದು ಸುರಕ್ಷಿತ ಜಾಗದಲ್ಲಿ ಪರೀಕ್ಷಿಸುತ್ತಾರೆ. ಬ್ಯಾಟರಿ ಕೈಕೊಟ್ಟರೆ ದಾರಿ ಕಾಣಲು ಮಾಮೂಲಿ ಟಾರ್ಚ್ ಒಂದು ಜೇಬಿನಲ್ಲಿರುತ್ತದೆ.

ಇವೆಲ್ಲದರ ಕೊನೆಗೆ ಒಂದು ಮಾತು: ಸ್ವಲ್ಪ ಅನುಮಾನ ಬಂದರೂ ಹಾರಿಸುವುದಿಲ್ಲ. ಹಂದಿ ನಾಳೆಯೂ ಬರುತ್ತದೆ.

ನಮ್ಮಲ್ಲಿ ಇದನ್ನು ಬಳಸಬಹುದೇ?

ಬೇಟೆಗೆ ಬಳಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಈ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಥವಾ ಜೀವಕ್ಕೆ ಅಪಾಯವಾದಾಗ ಏನು ಮಾಡಬಹುದು ಎಂಬುದಕ್ಕೆ 11ನೇ ಸೆಕ್ಷನ್ ಇದೆ. ಆದರೆ ಅದರ ಪ್ರಕಾರ ಲಿಖಿತ ಅನುಮತಿ ಕೊಡಬೇಕಾದವರು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕಾರ ಪಡೆದ ಅಧಿಕಾರಿ. 'ನನ್ನ ಹೊಲ, ನನ್ನ ಬಂದೂಕು' ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಕೊಡಗಿನ ವಿಷಯದಲ್ಲೂ ಒಂದು ಗೊಂದಲವಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಬೇಟೆಗೆ ಕೊಟ್ಟ ಅನುಮತಿಯಲ್ಲ. ಬೆಳೆ ರಕ್ಷಣೆಗೆಂದು ಬಂದೂಕಿನ ಪರವಾನಗಿ ಪಡೆದ ಮಲೆನಾಡಿನ ರೈತರಿಗೂ ಇದೇ ಮಾತು ಅನ್ವಯಿಸುತ್ತದೆ.

ಕಾನೂನನ್ನು ಬದಿಗಿಟ್ಟು ನೋಡಿದರೂ ನಮ್ಮ ನೆಲ ಟೆಕ್ಸಾಸ್‌ನ ಬಯಲಲ್ಲ. ನಮ್ಮಲ್ಲಿ ರಾತ್ರಿಯ ಹೊಲ ಖಾಲಿ ಇರುವುದಿಲ್ಲ. ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ಪಂಪ್‌ಸೆಟ್ ಹಾಕಲು ರೈತ ಆ ಹೊತ್ತಿನಲ್ಲೇ ಎದ್ದು ಹೋಗಬೇಕು. ನೀರು ತಿರುಗಿಸಲು ಬದುವಿನ ಮೇಲೆ ಬಗ್ಗಿ ಕೂತಿರುತ್ತಾನೆ. ಮಲೆನಾಡಿನಲ್ಲಿ ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಟಾರ್ಚ್ ಹಿಡಿದು ಗದ್ದೆಗೆ ಇಳಿಯುವವರಿದ್ದಾರೆ. ಬೆಳೆ ಕಾಯಲು ಅಟ್ಟಣೆಯಲ್ಲಿ ಮಲಗಿದವರು, ಬಯಲಿಗೆ ಹೋದವರು, ತಡವಾಗಿ ತೋಟದ ದಾರಿಯಲ್ಲಿ ಮನೆಗೆ ಮರಳುವವರು ಇದ್ದಾರೆ. ದೂರದ ಪರದೆಯಲ್ಲಿ ಇವರೆಲ್ಲರೂ ಬಿಳಿ ಚುಕ್ಕೆಗಳೇ. ಕಾಡುಹಂದಿ ಎಂದುಕೊಂಡು ಹಾರಿಸಿದ ಗುಂಡಿಗೆ ಮನುಷ್ಯರು ಬಲಿಯಾದ ಸುದ್ದಿಗಳನ್ನು ನಮ್ಮ ಪತ್ರಿಕೆಗಳಲ್ಲೇ ಓದಿದ್ದೇವೆ. ಎಷ್ಟೋ ಸಲ ಸತ್ತವರು ಜೊತೆಗೆ ಹೋದ ಗೆಳೆಯರೇ ಆಗಿರುತ್ತಾರೆ.

ಹಾಗೆಂದು ಹಂದಿ ಕಾಟ ಸಣ್ಣದೆಂದು ನಾವು ಹೇಳುತ್ತಿಲ್ಲ. ಒಂದೇ ರಾತ್ರಿಯಲ್ಲಿ ಕಬ್ಬು, ಗೆಣಸು, ಜೋಳ ಮಣ್ಣುಪಾಲಾದವರ ಸಂಕಟ ನಿಜವಾದದ್ದು. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಹಾನಿಯ ಫೋಟೋ ತೆಗೆದಿಟ್ಟು ಬೇಗ ದೂರು ಕೊಡುವುದು ಒಳ್ಳೆಯದು. ಸೋಲಾರ್ ಬೇಲಿ ಇನ್ನೊಂದು ದಾರಿ. ಆದರೆ ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡಬೇಡಿ. ಅದೂ ಅಪರಾಧ, ಅದರಿಂದಲೂ ಮನುಷ್ಯರು ಸಾಯುತ್ತಾರೆ.

ಬಂದೂಕಿಲ್ಲದೆ ಈ ಉಪಕರಣಕ್ಕೆ ಒಳ್ಳೆಯ ಕೆಲಸಗಳಿವೆ. ಊರಿಗೆ ಬಂದ ಚಿರತೆ, ಆನೆಗಳನ್ನು ಪತ್ತೆಹಚ್ಚಲು ಅರಣ್ಯ ಸಿಬ್ಬಂದಿ ಥರ್ಮಲ್ ಡ್ರೋನ್ ಬಳಸುತ್ತಾರೆ. ಅಲ್ಲಿ 'ಏನೋ ಇದೆ' ಎಂದು ಗೊತ್ತಾದರೆ ಸಾಕು, ಜನರನ್ನು ಎಚ್ಚರಿಸಬಹುದು. ತಪ್ಪಾಗಿ ಗುರುತಿಸಿದರೂ ಯಾರ ಜೀವವೂ ಹೋಗುವುದಿಲ್ಲ.

ಜೊತೆಗೇ ಬರುವ ಇನ್ನೆರಡು ಸುಳ್ಳುಗಳು

*ಥರ್ಮಲ್ ಕ್ಯಾಮರಾಕ್ಕೆ ಗೋಡೆಯ ಆಚೆ ಕಾಣುತ್ತದೆ.* ಇಲ್ಲ. ಅದು ತೋರಿಸುವುದು ಮೇಲ್ಮೈಯ ಬಿಸಿಯನ್ನು. ಗೋಡೆಯತ್ತ ಹಿಡಿದರೆ ಗೋಡೆಯ ಬಿಸಿ ಕಾಣುತ್ತದೆ. ಕಿಟಕಿ ಗಾಜಿಗೆ ಹಿಡಿದರೆ ಕನ್ನಡಿಯಂತೆ ನಿಮ್ಮದೇ ಬಿಸಿ ಆಕೃತಿ ಕಾಣಬಹುದು.

*ಈ ಆ್ಯಪ್ ಹಾಕಿಕೊಂಡರೆ ನಿಮ್ಮ ಮೊಬೈಲೇ ನೈಟ್ ವಿಷನ್.* ಇಲ್ಲ. ಇಂಥ ಆ್ಯಪ್‌ಗಳು ಚಿತ್ರವನ್ನು ಸ್ವಲ್ಪ ಬೆಳಗಿಸಿ ಹಸಿರು ಬಣ್ಣ ಬಳಿಯುತ್ತವೆ, ಅಷ್ಟೆ. ಫೋನಿನ ಕ್ಯಾಮರಾದಲ್ಲಿ ಅವಕೆಂಪು ಬೆಳಕನ್ನು ತಡೆಯುವ ಶೋಧಕ ಇರುತ್ತದೆ. ಬಿಸಿಯನ್ನು ಅಳೆಯುವ ಸೆನ್ಸರ್ ಸಾಮಾನ್ಯ ಫೋನಿನಲ್ಲಿ ಇರುವುದೇ ಇಲ್ಲ, ಇಲ್ಲದ ಸೆನ್ಸರನ್ನು ಆ್ಯಪ್ ತಂದುಕೊಡಲಾರದು. ಫೋನಿನ 'ನೈಟ್ ಮೋಡ್' ಒಂದರ ಮೇಲೊಂದು ಹಲವು ಫೋಟೋ ತೆಗೆದು ಜೋಡಿಸುತ್ತದೆ. ಅಲುಗದೆ ನಿಂತ ದೃಶ್ಯಕ್ಕೆ ಅದು ಚೆನ್ನಾಗಿರುತ್ತದೆ. ಅಂಥ ಆ್ಯಪ್ ಹಾಕುವ ಮೊದಲು ಅದು ನಿಮ್ಮ ಫೋನಿನ ಏನೇನಕ್ಕೆ ಅನುಮತಿ ಕೇಳುತ್ತಿದೆ ಎಂದು ಒಮ್ಮೆ ನೋಡಿ.

ಶೇರ್ ಮಾಡುವ ಮುನ್ನ

ಮುಂದಿನ ಸಲ ಬಿಳಿ ಚುಕ್ಕೆಗಳ ವಿಡಿಯೋ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ದೇಶದ್ದು, ಅಲ್ಲಿನ ಕಾನೂನು ಏನು? ಪರದೆಯಲ್ಲಿರುವುದು ಹಂದಿ ಎಂದು ನನಗೆ ಹೇಗೆ ಗೊತ್ತಾಯಿತು, ಕಣ್ಣಿಗೆ ಕಂಡಿತೋ ಅಥವಾ ಕೆಳಗಿನ ಬರಹ ಹೇಳಿತೋ? ಇದನ್ನು ನೋಡಿ ನಮ್ಮೂರಿನ ಹುಡುಗನೊಬ್ಬ ಇಂಥ ದುರ್ಬೀನು ತರಿಸಿಕೊಂಡು ಕೋವಿ ಹಿಡಿದು ಹೊರಟರೆ, ಆ ಹೊತ್ತಿನಲ್ಲಿ ಹೊಲದಲ್ಲಿ ಯಾರಿರಬಹುದು?

ಎರಡನೇ ಪ್ರಶ್ನೆಯ ಉತ್ತರವನ್ನು ಪರೀಕ್ಷಿಸುವುದು ಸುಲಭ. ಬರಹವನ್ನು ಬೆರಳಿನಿಂದ ಮುಚ್ಚಿ, ವಿಡಿಯೋ ನಿಲ್ಲಿಸಿ, ದೂರದ ಒಂದು ಬಿಳಿ ಆಕೃತಿ ಏನೆಂದು ಮನೆಯಲ್ಲಿ ನಾಲ್ವರನ್ನು ಕೇಳಿ ನೋಡಿ. ನಾಯಿ, ಕುರಿ, ಕರು, ಮಗು, ಹೀಗೆ ಬಗೆಬಗೆಯ ಉತ್ತರ ಬಂದರೆ ಅಚ್ಚರಿಪಡಬೇಡಿ.

ಪ್ರತ್ಯಕ್ಷ ಕಂಡರೂ ಪರಾಂಬರ‍ಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಹಗಲಿನಲ್ಲಿ ಕಂಡದ್ದರ ಬಗ್ಗೆಯೇ. ರಾತ್ರಿ, ಅದೂ ಎಂಟು ಪಿಕ್ಸೆಲ್‌ನಲ್ಲಿ ಕಂಡದ್ದಕ್ಕೆ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಈ ವಿಡಿಯೋ ಬಂದ ಗುಂಪಿಗೇ ಈ ಲೇಖನವನ್ನೂ ಕಳುಹಿಸಿ.